ಕಳವೋ, ಸುಲಿಗೆಯೋ: ಕಡತ ಕೈಗೆ ಬಂದಾಗ ನಾನು ಮೊದಲು ನೋಡುವುದು

ಕಳವು ಅಥವಾ ಸುಲಿಗೆಯ ಕಡತ ಬಂದರೆ ಎಫ್‌ಐಆರ್‌ನ ನೆತ್ತಿಯ ಮೇಲೆ ಯಾವ ಕಲಂ ಬರೆದಿದ್ದಾರೆ ಎನ್ನುವುದನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಓದುವುದು ಫಿರ್ಯಾದಿ ಕೊಟ್ಟ ದೂರು. ಓದಿದ ಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಮೂರು ಕ್ಷಣ ಗುರುತು ಹಾಕಿಕೊಳ್ಳುತ್ತೇನೆ: ವಸ್ತು ಮಾಲೀಕನ ಕೈಬಿಟ್ಟ ಕ್ಷಣ, ಹೊಡೆತವೋ ಬೆದರಿಕೆಯೋ ಬಿದ್ದ ಕ್ಷಣ, ಆರೋಪಿ ಅಲ್ಲಿಂದ ಕಾಲ್ತೆಗೆದ ಕ್ಷಣ. ಚಿತ್ರದುರ್ಗದ ಕಡೆ ಹೈವೇಗೆ ಅಂಟಿಕೊಂಡ ಊರುಗಳ ಪ್ರಕರಣಗಳನ್ನು ವಕೀಲನಾಗಿ ನಡೆಸುತ್ತಾ ಬಂದ ನನಗೆ ಈ ಹಾಳೆಯಷ್ಟು ನೆರವಾದದ್ದು ಬೇರೊಂದಿಲ್ಲ.

ಕಾನೂನು ಕಳವಿಗೆ ಕೇಳುವುದು ಸ್ವಲ್ಪವೇ. ಚರ ಸ್ವತ್ತಾಗಿರಬೇಕು, ಇನ್ನೊಬ್ಬರ ಸ್ವಾಧೀನದಲ್ಲಿರಬೇಕು, ಅವರ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕ ಉದ್ದೇಶದಿಂದ ಅದನ್ನು ಕದಲಿಸಿರಬೇಕು. ಮನೆಗೆ ಒಯ್ಯಬೇಕೆಂದೇನಿಲ್ಲ, ಕದಲಿಸಿದರೆ ಸಾಕು. 2024ರ ಜುಲೈ 1ರ ಹಿಂದಿನ ಘಟನೆಯಾದರೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 378, ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆಯ 303. ಸುಲಿಗೆ ಹಳೆಯದರಲ್ಲಿ 390, ಹೊಸದರಲ್ಲಿ 309. ಸುಲಿಗೆ ತಾನೇ ನಿಲ್ಲುವ ಅಪರಾಧವಲ್ಲ. ಪ್ರತಿಯೊಂದು ಸುಲಿಗೆಯ ಒಳಗೂ ಒಂದು ಕಳವು ಇರಲೇಬೇಕು, ಇಲ್ಲವೇ ಬೆದರಿಸಿ ವಸೂಲಿ ಮಾಡಿದ್ದಿರಬೇಕು. ಕಳವು ಮಾಡಲೆಂದು, ಮಾಡುವಾಗ, ಅಥವಾ ಕದ್ದದ್ದನ್ನು ಒಯ್ಯುವಾಗ, ಆ ಉದ್ದೇಶಕ್ಕಾಗಿಯೇ ಯಾರಿಗಾದರೂ ಸಾವು, ನೋವು, ಅಕ್ರಮ ತಡೆ ಉಂಟುಮಾಡಿದರೆ, ಮಾಡಲು ಯತ್ನಿಸಿದರೆ, ಅಥವಾ ಅದು ಆಗಲೇ ಆಗಿಬಿಡುತ್ತದೆಂಬ ಭಯ ಹುಟ್ಟಿಸಿದರೆ ಕಳವು ಸುಲಿಗೆಯಾಗುತ್ತದೆ. ‘ಯಾರಿಗಾದರೂ’ ಎಂದಿರುವುದರಿಂದ ಪೆಟ್ಟು ಮಾಲೀಕನಿಗೇ ಬೀಳಬೇಕಾಗಿಲ್ಲ. ಅಡ್ಡ ಬಂದ ಪಕ್ಕದ ಅಂಗಡಿಯವನಿಗೆ ಬಿದ್ದರೂ ಸಾಕು.

ನಮ್ಮ ಕಡೆ ಮತ್ತೆ ಮತ್ತೆ ಬರುವ ಪ್ರಕರಣ ಲಾರಿ ಚಾಲಕರದು. ಹಿರಿಯೂರೋ ಸಿರಾವೋ ದಾಟಿ ರಸ್ತೆ ಪಕ್ಕ ಗಾಡಿ ಹಾಕಿ ಕ್ಯಾಬಿನ್ನಿನಲ್ಲೇ ಮಲಗಿರುತ್ತಾರೆ. ಕೈ ಹಾಕಿದವರು ಡ್ಯಾಶ್‌ಬೋರ್ಡ್ ಮೇಲಿನ ಮೊಬೈಲು, ಸೀಟಿನಡಿಯ ಬಾಡಿಗೆ ಹಣ ಎತ್ತಿಕೊಂಡು ಇಳಿದುಹೋದರೆ, ಚಾಲಕನಿಗೆ ಬೆಳಿಗ್ಗೆ ಟೀ ಕುಡಿಯಲು ಜೇಬು ಮುಟ್ಟಿದಾಗ ಗೊತ್ತಾದರೆ, ಅದು ಕಳವು. ನಡುವೆ ಅವನಿಗೆ ಎಚ್ಚರವಾಗಿ ‘ಯಾರೋ ಅದು’ ಎಂದು ಕೂಗಿದಾಗ, ಹಣ ಕೈಯಲ್ಲಿಟ್ಟುಕೊಂಡೇ ಚಾಕು ತೋರಿಸಿ ‘ಸುಮ್ನಿರು, ಇಲ್ಲಾಂದ್ರೆ ಇಕ್ಕಿಬಿಡ್ತೀನಿ’ ಎಂದರೆ ಅಲ್ಲಿಗೆ ಪ್ರಕರಣ ಬದಲಾಯಿತು. ಹಣ ಆಗಲೇ ಕೈ ಸೇರಿತ್ತು, ಕಳವು ಮುಗಿದಿತ್ತು ಎಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ಒಯ್ಯುವ ಹಂತವೂ ವ್ಯಾಖ್ಯೆಯೊಳಗೇ ಇದೆ. ಅದೂ ಹೆದ್ದಾರಿಯಲ್ಲಿ, ಸೂರ್ಯಾಸ್ತ ಸೂರ್ಯೋದಯಗಳ ನಡುವೆ ನಡೆದಿದ್ದರೆ ಹತ್ತು ವರ್ಷದವರೆಗಿನ ಶಿಕ್ಷೆ ಹದಿನಾಲ್ಕಕ್ಕೆ ಏರಬಹುದು. ಹಾಗಾಗಿ ಮುಂಜಾವದ ಪ್ರಕರಣಗಳಲ್ಲಿ ಆ ದಿನದ ಸೂರ್ಯೋದಯದ ಗಳಿಗೆಯನ್ನು ಪಂಚಾಂಗದಲ್ಲಿ ನೋಡಿ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ.

ಚಾಕುವಿನ ಮಾತು ಬಂದರೆ ಇನ್ನೊಂದು ಕಲಂ ಎದ್ದು ನಿಲ್ಲುತ್ತದೆ: ಹಳೆಯ 397, ಈಗಿನ 311. ಮಾರಕಾಸ್ತ್ರ ‘ಬಳಸಿದರೆ’ ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಚುಚ್ಚಿದರೆ ಮಾತ್ರ ಬಳಕೆ ಎಂದು ಎಷ್ಟೋ ಕಕ್ಷಿದಾರರು ನಂಬಿರುತ್ತಾರೆ. ಎದುರಿಗಿದ್ದವನು ಬೆದರುವಂತೆ ತೋರಿಸಿದರೂ ಬಳಕೆಯೇ ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಆದರೆ ಅದೇ ತೀರ್ಪು ಈ ಕಲಂ ಅಸ್ತ್ರ ಬಳಸಿದವನಿಗೆ ಮಾತ್ರ ಅನ್ವಯ ಎಂದೂ ಹೇಳುತ್ತದೆ. ಜೊತೆಗೆ ಬಂದು ಬೈಕ್ ಸ್ಟಾರ್ಟ್ ಮಾಡಿಟ್ಟುಕೊಂಡಿದ್ದ ಹುಡುಗನ ಮೇಲೂ ಅದೇ ಕಲಂ ಹಾಕಿರುವುದು ಕಂಡರೆ ನನ್ನ ಮೊದಲ ಅರ್ಜಿ ಅದರ ಮೇಲೆ. ಐದು ಜನ ಅಥವಾ ಹೆಚ್ಚು ಸೇರಿದ್ದರೆ ಲೆಕ್ಕ ಬೇರೆ. ಅದು ಡಕಾಯಿತಿ, ಸ್ಥಳದಲ್ಲಿ ನಿಂತು ನೆರವಾದವನೂ ತಲೆ ಲೆಕ್ಕಕ್ಕೆ ಸೇರುತ್ತಾನೆ.

ಹೊಡೆತ ಆಗಿದೆ ಎಂದ ಮಾತ್ರಕ್ಕೆ ಸುಲಿಗೆಯಾಗುವುದಿಲ್ಲ. ಹೆಚ್ಚಿನ ಕಡತಗಳ ಜೀವ ಇರುವುದೇ ಇಲ್ಲಿ. ಇಬ್ಬರು ಬಾರಿನ ಮುಂದೆ ಹಳೇ ಸಾಲದ ವಿಷಯಕ್ಕೆ ಕೈಕೈ ಮಿಲಾಯಿಸುತ್ತಾರೆ, ಒಬ್ಬ ಬಿದ್ದಾಗ ಅವನ ಜೇಬಿನಿಂದ ಉರುಳಿದ ಮೊಬೈಲನ್ನು ಇನ್ನೊಬ್ಬ ಎತ್ತಿಕೊಂಡು ಹೋಗುತ್ತಾನೆ. ಹೊಡೆದದ್ದು ಜಗಳಕ್ಕೆ, ಎತ್ತಿಕೊಂಡದ್ದು ಆಮೇಲೆ ಹುಟ್ಟಿದ ಆಸೆಗೆ. ಹಲ್ಲೆ ಬೇರೆ, ಕಳವು ಬೇರೆ. ಎರಡನ್ನೂ ಹೊಲಿದು ಸುಲಿಗೆ ಮಾಡಲು ಬಾರದು, ನಡುವಿನ ದಾರ ‘ಆ ಉದ್ದೇಶಕ್ಕಾಗಿ’ ಎಂಬ ಮಾತು. 2008ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಬಿಡಿಸಿ ಹೇಳಿದೆ. ಹಾಗೆಯೇ ಸಿಕ್ಕಿಬೀಳುವ ಭಯಕ್ಕೆ ಕದ್ದ ಚೀಲ ಬಿಸಾಡಿ, ಬರಿಗೈಯಲ್ಲಿ ಓಡುತ್ತಾ ಬೆನ್ನಟ್ಟಿದವರ ಮೇಲೆ ಕಲ್ಲು ತೂರಿದರೆ, ಆ ಕಲ್ಲು ಅವನು ತಪ್ಪಿಸಿಕೊಳ್ಳಲು ತೂರಿದ್ದೇ ಹೊರತು ವಸ್ತು ಒಯ್ಯಲು ಅಲ್ಲ. ಚೀಲ ಹೆಗಲಲ್ಲಿದ್ದಾಗ ತೂರಿದನೋ, ಬಿಸಾಡಿದ ಮೇಲೋ? ಪಾಟೀಸವಾಲಿನಲ್ಲಿ ಈ ಒಂದು ಪ್ರಶ್ನೆಗೆ ನಾನು ಎಷ್ಟು ಹೊತ್ತು ಬೇಕಾದರೂ ಕೊಡುತ್ತೇನೆ.

ಇನ್ನು ಸರಗಳ್ಳತನ. ಐಪಿಸಿ ಕಾಲದಲ್ಲಿ ನಮ್ಮಲ್ಲಿ ಇದನ್ನು ಸಾಮಾನ್ಯವಾಗಿ 392ರಡಿ, ಅಂದರೆ ಸುಲಿಗೆ ಎಂದೇ ದಾಖಲಿಸುತ್ತಿದ್ದರು. ಈಗ ಸಂಹಿತೆಯ 304 ಇದಕ್ಕೆಂದೇ ಬಂದಿದೆ: ಕಳವು ಮಾಡಲು ಹಠಾತ್ತಾಗಿ, ವೇಗವಾಗಿ ಅಥವಾ ಬಲವಂತವಾಗಿ ಕಸಿದುಕೊಳ್ಳುವುದು, ಮೂರು ವರ್ಷದವರೆಗೆ ಶಿಕ್ಷೆ. ಹಾಗಾದರೆ ಸರ ಕಿತ್ತ ಪ್ರಕರಣವೆಲ್ಲ ಇನ್ನು 304 ಮಾತ್ರವೇ? ನಾನು ಹಾಗೆ ಓದುವುದಿಲ್ಲ. ಹೆಂಗಸಿನ ಕೊರಳಿನಿಂದ ಎರಡೆಳೆ ಮಾಂಗಲ್ಯ ಸರ ಎಳೆದಾಗ ಹಿಂಬದಿಯ ಕೊಂಡಿ ಹರಿಯುವ ಮೊದಲು ಚರ್ಮ ತರಚುತ್ತದೆ. ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ಕತ್ತಿನ ಬದಿಯಲ್ಲಿ ಗೆರೆಯಂಥ ತರಚು ಗಾಯ ಎಂದು ಬರೆದಿರುತ್ತಾರೆ. ದೇಹಕ್ಕೆ ನೋವಾದರೆ ಸಾಕು, ಕಾನೂನಿನ ಕಣ್ಣಿಗೆ ಅದು ನೋವೇ. ಆಗಬಹುದೆಂದು ಗೊತ್ತಿದ್ದೂ ಮಾಡಿದರೆ ಸ್ವಇಚ್ಛೆಯಿಂದ ಮಾಡಿದ ಹಾಗೆಯೇ. ಹೀಗಾಗಿ ಸ್ಕೂಟಿಯಿಂದ ಕೆಡವಿ, ಕತ್ತು ಅದುಮಿ ಸರ ಕಿತ್ತದ್ದು ನನ್ನ ಮಟ್ಟಿಗೆ ಸುಲಿಗೆ. ಬಸ್ಸು ಹತ್ತುವ ನೂಕುನುಗ್ಗಲಲ್ಲಿ ಕೈಯಲ್ಲಿದ್ದ ಪರ್ಸು ಸರಕ್ಕನೆ ಎಳೆದು ಓಡಿದ್ದು 304. ಇವೆರಡರ ನಡುವಿನ ಪ್ರಕರಣದಲ್ಲಿ ಗಾಯದ ಪ್ರಮಾಣಪತ್ರವನ್ನು, ದೂರಿನ ಮೊದಲ ಮಾತನ್ನು ಪಕ್ಕಪಕ್ಕ ಇಟ್ಟು ವಾದಿಸುತ್ತೇನೆ, ಆರೋಪಿಯ ಪರ ಇದ್ದರೂ, ನೊಂದವರ ಪರ ಇದ್ದರೂ.

ಬೆದರಿಸಿ ಪಡೆದದ್ದು ಸುಲಿಗೆಯಾಗಬೇಕಾದರೆ ಬೆದರಿಸಿದವನು ಎದುರಿಗಿರಬೇಕು, ಭಯ ಈ ಕ್ಷಣದ್ದಾಗಿರಬೇಕು, ವಸ್ತುವನ್ನು ಅಲ್ಲೇ ಆಗಲೇ ಕೊಟ್ಟಿರಬೇಕು. ಶಾಸನವೇ ಕೊಟ್ಟ ಉದಾಹರಣೆ ಇಷ್ಟು ವರ್ಷವಾದರೂ ಹಳತಾಗಿಲ್ಲ: ‘ನಿನ್ನ ಮಗು ನಮ್ಮ ಗುಂಪಿನ ಕೈಯಲ್ಲಿದೆ, ಹತ್ತು ಸಾವಿರ ಕಳಿಸದಿದ್ದರೆ ಕೊಲ್ಲುತ್ತೇವೆ’ ಎಂದು ಹಣ ಪಡೆದರೆ ಅದು ಬೆದರಿಕೆ ವಸೂಲಿ. ಮಗು ತಕ್ಷಣವೇ ಸಾಯುತ್ತದೆ ಎಂಬ ಭಯ ಹುಟ್ಟಿಸಿರದಿದ್ದರೆ ಸುಲಿಗೆಯಲ್ಲ. ಫೋನಿನಲ್ಲಿ ಬೆದರಿಸಿ ಯುಪಿಐನಲ್ಲಿ ಹಣ ಹಾಕಿಸಿಕೊಂಡವರ ವಿರುದ್ಧ ಸುಲಿಗೆ ಕಲಂ ಹಾಕಿದ್ದನ್ನು ಕಂಡಾಗ ನಾನು ಈ ಉದಾಹರಣೆಯನ್ನೇ ಓದಿ ಹೇಳುತ್ತೇನೆ.

ಮನೆ ಕಳವಿನಲ್ಲಿ ನನ್ನನ್ನು ಇನ್ನೂ ಯೋಚನೆಗೆ ಹಚ್ಚುವ ಒಂದು ವಿಷಯವಿದೆ. ಕಳ್ಳರು ಅಕ್ಕಪಕ್ಕದ ಮನೆಗಳ ಚಿಲಕವನ್ನು ಹೊರಗಿನಿಂದ ಹಾಕಿ ಕೆಲಸ ಶುರು ಮಾಡುತ್ತಾರೆ. ಒಳಗಿನವರು ಎಚ್ಚೆತ್ತು ಬಾಗಿಲು ಬಡಿದರೆ ಅಕ್ರಮ ತಡೆ ಆಗಿದೆ, ಅದೂ ಕಳವಿಗಾಗಿಯೇ. ಯಾರೂ ಎಚ್ಚೆತ್ತುಕೊಳ್ಳದೆ ಬೆಳಿಗ್ಗೆ ಹಾಲಿನವನು ಚಿಲಕ ತೆಗೆದರೆ? ತಡೆದದ್ದೇ ಯಾರನ್ನೂ ಅಲ್ಲ ಎಂದು ನಾನು ಆರೋಪಿಯ ಪರ ವಾದಿಸುತ್ತೇನೆ, ಆ ವಾದದಲ್ಲಿ ನನಗೆ ನಂಬಿಕೆಯೂ ಇದೆ.

ಈ ಗೆರೆಗಾಗಿ ಇಷ್ಟು ಬಡಿದಾಡುವುದೇಕೆ ಎಂದರೆ ಒಂದು ಮನೆಯ ಪಾಡು ಅದರ ಮೇಲೆ ನಿಂತಿರುತ್ತದೆ. ಸಾಮಾನ್ಯ ಕಳವಾದರೆ ಸ್ವತ್ತಿನ ಮಾಲೀಕ ರಾಜಿಯಾಗಬಹುದು, ಸುಲಿಗೆಯಲ್ಲಿ ರಾಜಿಗೆ ಅವಕಾಶವೇ ಇಲ್ಲ. ಕಳವಿನಲ್ಲಿ ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾತಾಡಿಕೊಳ್ಳುವ ಅವಕಾಶ, ಕೇಳಬಹುದು, ಸುಲಿಗೆಯಲ್ಲಿ ಇಲ್ಲ. ಏಳು ವರ್ಷದೊಳಗಿನ ಅಪರಾಧವಾದ್ದರಿಂದ ಕಳವಿನಲ್ಲಿ ಬಂಧಿಸುವ ಮೊದಲು ನೋಟಿಸ್ ಕೊಡುವ ದಾರಿ ಇದೆ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯದನ್ನು ಮೊದಲ ಸಲ ಕದ್ದು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆಯ ಶಿಕ್ಷೆ ಇದೆ. ‘ಸಾರ್, ನನ್ನ ಮಗ ಕದ್ದಿದ್ದು ಹೌದು, ಆದ್ರೆ ಯಾರ ಮೈಗೂ ಕೈ ಹಚ್ಚಿಲ್ಲ’ ಎಂದು ಬರುವ ತಾಯಂದಿರಿಗೆ ಈ ವ್ಯತ್ಯಾಸ ಎಲ್ಲಕ್ಕಿಂತ ದೊಡ್ಡದು.

ದೋಷಾರೋಪಣೆಯ ಹಂತದಲ್ಲೇ ಇದನ್ನು ಎತ್ತಬೇಕು. ದಾಖಲೆಗಳ ಪ್ರತಿ ಕೈಸೇರಿದ 60 ದಿನದೊಳಗೆ ಬಿಡುಗಡೆ ಅರ್ಜಿ, ಅಂದರೆ ವಿಚಾರಣೆಗೆ ಮೊದಲೇ ಆರೋಪದಿಂದ ಕೈಬಿಡಿ ಎಂಬ ಅರ್ಜಿ, ಹಾಕಬಹುದು. ಅದರಲ್ಲಿ ಪೂರ್ತಿ ಬಿಡುಗಡೆ ಸಿಗದಿದ್ದರೂ ಸುಲಿಗೆಯ ಬದಲು ಕಳವಿನ ಆರೋಪ ಹೊರಿಸಿ ಎಂದು ಕೇಳುತ್ತೇನೆ. ಸಾಕ್ಷ್ಯ ಮುಗಿದ ಮೇಲೂ ಬಾಗಿಲು ಮುಚ್ಚುವುದಿಲ್ಲ, ಸುಲಿಗೆ ಸಾಬೀತಾಗದೆ ಕಳವು ಸಾಬೀತಾದರೆ ಕಳವಿಗಷ್ಟೇ ಶಿಕ್ಷೆ ಕೊಡಬಹುದು. ಕದ್ದ ಮಾಲು ಆರೋಪಿಯ ಬಳಿ ಸಿಕ್ಕಿತು ಎಂಬ ಮಹಜರು ಕಳವಿನ ಕಡೆ ಬೊಟ್ಟು ಮಾಡಬಹುದು. ಹೊಡೆದವನು ಅವನೇ ಎನ್ನುವುದಕ್ಕೆ ಗುರುತು ಪತ್ತೆ ಪರೇಡಿನಂಥ ಬೇರೆ ಸಾಕ್ಷ್ಯ ಬೇಕು.

ನೊಂದವರು ದೂರು ಬರೆಸಲು ನನ್ನ ಬಳಿ ಬಂದರೂ ಅದೇ ಬಿಳಿ ಹಾಳೆ. ‘ಅಮ್ಮಾ, ಅವನು ಮೊದಲು ಏನು ಮಾಡಿದ? ಏನಂದ? ಸರ ಹೋದದ್ದು ಆಗಲೋ, ನೀವು ಬಿದ್ದ ಮೇಲೋ?’ ಎಂದು ಕೇಳಿ, ಅವರ ಬಾಯಲ್ಲಿ ಬಂದ ಮಾತನ್ನು ಹಾಗೆಯೇ, ಅದೇ ಅನುಕ್ರಮದಲ್ಲಿ ಬರೆಯುತ್ತೇನೆ. ಅದೇ ದಿನ ಆಸ್ಪತ್ರೆಗೆ ಹೋಗಿ ಗಾಯ ದಾಖಲಿಸಿ ಬರಲು ಹೇಳುತ್ತೇನೆ, ತರಚು ಗೀರು ಎರಡು ದಿನದಲ್ಲಿ ಮಾಸಿಹೋಗುತ್ತದೆ.