ಷೇರು ಕೊಳ್ಳುವ ಮೊದಲೇ ಬರೆದಿಡಿ: ಇದು ಹೂಡಿಕೆಯೋ, ಟ್ರೇಡಿಂಗೋ?

ನಾಲ್ಕು ದಿನದಲ್ಲಿ 270 ಆದರೆ ಮಾರಿಬಿಡೋಣ ಎಂದು 250ಕ್ಕೆ ಕೊಂಡ ಷೇರು 230ಕ್ಕೆ ಇಳಿಯುತ್ತದೆ. ‘ಇರಲಿ ಬಿಡು, ಹೇಗೂ ಒಳ್ಳೆಯ ಕಂಪನಿ, ನಾಲ್ಕು ವರ್ಷ ಇಟ್ಟುಕೊಂಡರಾಯಿತು’ ಎಂಬ ಮಾತು ಹುಟ್ಟುವುದು ಆಗಲೇ. ಇದು ಅತ್ಯಂತ ಅಪಾಯದ ಮಾತು. ಇಟ್ಟುಕೊಳ್ಳಲೆಂದು ಕೊಳ್ಳುವವರು ಕಂಪನಿಯ ಗಳಿಕೆ, ಸಾಲ, ಲಾಭಾಂಶ ನೋಡಿ ಕೊಳ್ಳುತ್ತಾರೆ. ಇದು ಹೂಡಿಕೆ. ಬೇಗ ಮಾರಲೆಂದು ಕೊಳ್ಳುವವರು ದರದ ಓಟ ನೋಡಿ ಕೊಳ್ಳುತ್ತಾರೆ. ಇದು ಟ್ರೇಡಿಂಗ್. ಓಟ ನೋಡಿ ಕೊಂಡದ್ದನ್ನು ಗಳಿಕೆಯ ಹೆಸರಿನಲ್ಲಿ ಇಟ್ಟುಕೊಂಡರೆ ಎರಡು ಲೆಕ್ಕವೂ ತಪ್ಪುತ್ತದೆ.

1. ಮೊದಲು ಹಣವನ್ನು ಬೇರೆ ಮಾಡಿ

ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲೇ ಇರಲಿ. ಐದು ವರ್ಷದೊಳಗೆ ಬೇಕಾಗುವ ಹಣವನ್ನೂ ಷೇರಿಗೆ ಹಾಕಬೇಡಿ. 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅಮೆರಿಕದ ಎಸ್‌ ಅಂಡ್‌ ಪಿ 500 ಸೂಚ್ಯಂಕ (ಸುಮಾರು 500 ದೊಡ್ಡ ಕಂಪನಿಗಳ ಷೇರು ದರದ ಒಟ್ಟು ಅಳತೆ) ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ಕಾದವರಿಗೆ ಅದು ವಾಪಸು ಬಂತು, ಆ ಹೊತ್ತಿಗೇ ಹಣ ಬೇಕಾದವರಿಗೆ ಬರಲಿಲ್ಲ.

ಉಳಿದದ್ದರಲ್ಲಿ ಟ್ರೇಡಿಂಗ್‌ಗೆ ಶೇ 10ಕ್ಕಿಂತ ಹೆಚ್ಚು ಬೇಡ. ಎರಡಕ್ಕೂ ಬೇರೆ ಬೇರೆ ಖಾತೆ ತೆರೆಯಿರಿ. ಒಂದೇ ಖಾತೆಯಲ್ಲಿ ಒಂದೇ ಷೇರು ಎರಡು ಉದ್ದೇಶಕ್ಕೆ ಕುಳಿತರೆ ಯಾವುದನ್ನು ಎಷ್ಟಕ್ಕೆ ಕೊಂಡದ್ದು ಎಂಬುದೇ ಕಲಸಿಹೋಗುತ್ತದೆ.

2. ಇಟ್ಟುಕೊಳ್ಳುವ ಖಾತೆ

ಇಲ್ಲಿ ಕೆಲಸ ಕಡಿಮೆ. ಖರ್ಚು ಕಡಿಮೆ ಇರುವ, ಇಡೀ ಮಾರುಕಟ್ಟೆಯನ್ನು ಹಿಡಿಯುವ, ಅಂದರೆ ಸೂಚ್ಯಂಕದ ಕಂಪನಿಗಳ ಷೇರನ್ನೆಲ್ಲ ಕೊಂಡಿಡುವ ಒಂದು ಇಂಡೆಕ್ಸ್ ಫಂಡ್‌ಗೆ ಪ್ರತಿ ತಿಂಗಳೂ ಒಂದೇ ದಿನ, ಒಂದೇ ಮೊತ್ತ ಹಾಕಿ. ಬಂದ ಲಾಭಾಂಶ ಮತ್ತೆ ಅಲ್ಲಿಗೇ ಹೋಗಲಿ. ವರ್ಷಕ್ಕೆ ಶೇ 10ರಂತೆ ಬೆಳೆದರೆ 1 ಲಕ್ಷ 30 ವರ್ಷದಲ್ಲಿ ಸುಮಾರು 17.4 ಲಕ್ಷ. ವರ್ಷಕ್ಕೆ ಶೇ 1.5 ಶುಲ್ಕಕ್ಕೆ ಹೋಗಿ ಶೇ 8.5 ಮಾತ್ರ ಉಳಿದರೆ 11.6 ಲಕ್ಷ. ಒಂದೂವರೆ ಎಂದು ಕಡೆಗಣಿಸಿದ್ದು ಮೂರರಲ್ಲೊಂದು ಪಾಲನ್ನು ನುಂಗಿತು.

ಬಿಡಿ ಕಂಪನಿಗಳನ್ನೇ ಕೊಳ್ಳುವುದಾದರೆ ಒಂದರಲ್ಲಿ ಶೇ 5ಕ್ಕಿಂತ ಹೆಚ್ಚು ಇಡಬೇಡಿ. ‘ಕೊಂಡು ಮರೆತುಬಿಡಿ’ ಎಂಬ ಸಲಹೆಯನ್ನು ನಂಬಬೇಡಿ. ಫೋಟೊ ಫಿಲ್ಮಿನ ದೊಡ್ಡ ಹೆಸರಾಗಿದ್ದ ಈಸ್ಟ್‌ಮನ್ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಳೆಯ ಷೇರುಗಳು ಕೊನೆಗೆ ರದ್ದಾದವು. ಒಂದೇ ದೇಶದ ಸೂಚ್ಯಂಕವನ್ನು ನಂಬಿ ಕೂರುವುದೂ ಹಾಗೆಯೇ: ಜಪಾನಿನ ನಿಕ್ಕೇಯ್ ಸೂಚ್ಯಂಕ 1989ರ ಕೊನೆಯ ಎತ್ತರವನ್ನು ದಾಟಿದ್ದು 2024ರ ಫೆಬ್ರುವರಿಯಲ್ಲಿ.

3. ಟ್ರೇಡಿಂಗ್ ಖಾತೆ: ಮೊದಲು ನಷ್ಟದ ಲೆಕ್ಕ

ಎಷ್ಟು ಲಾಭ ಬಂದೀತು ಎಂಬಲ್ಲಿಂದ ಶುರು ಮಾಡಬೇಡಿ. ತಪ್ಪಿದರೆ ಎಷ್ಟು ಹೋಗಬಹುದು ಎಂಬಲ್ಲಿಂದ ಶುರು ಮಾಡಿ. ಖಾತೆಯಲ್ಲಿ 1,00,000 ಇದ್ದರೆ ಒಂದು ವ್ಯವಹಾರದಲ್ಲಿ ಕಳೆದುಕೊಳ್ಳಬಹುದಾದದ್ದು ಶೇ 1, ಅಂದರೆ 1,000. ಷೇರಿನ ದರ 250, ಸ್ಟಾಪ್‌ಲಾಸ್ (ದರ ಇಲ್ಲಿಗೆ ಇಳಿದರೆ ತಾನಾಗಿ ಮಾರಾಟವಾಗುವ ಮಟ್ಟ) 240 ಎಂದಿಟ್ಟುಕೊಳ್ಳಿ; ಒಂದು ಷೇರಿಗೆ 10 ಹೋಗಬಹುದು. 1,000ವನ್ನು 10ರಿಂದ ಭಾಗಿಸಿದರೆ 100. ಕೊಳ್ಳಬೇಕಾದದ್ದು 100 ಷೇರು, ಅಷ್ಟೇ. ಗುರಿ 270, ತಲುಪಿದರೆ ಲಾಭ 2,000.

ಷೇರು ಕೈಗೆ ಬಂದ ಕೂಡಲೇ ಸ್ಟಾಪ್‌ಲಾಸ್ ಆರ್ಡರ್ ಹಾಕಿ. ‘ಮನಸ್ಸಿನಲ್ಲಿದೆ’ ಎಂದರೆ ಅದು ಇಲ್ಲವೆಂದೇ ಅರ್ಥ. ಹಾಕಿದರೂ ಅದು ಪೂರ್ತಿ ರಕ್ಷಣೆಯಲ್ಲ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ ಷೇರು 225ಕ್ಕೇ ತೆರೆದುಕೊಂಡರೆ ಮಾರಾಟ ಆಗುವುದು 225ರ ಆಸುಪಾಸಿನಲ್ಲಿ. 1,000ದ ನಷ್ಟ 2,500 ಆಗುತ್ತದೆ. ಆದ್ದರಿಂದಲೇ ಕಂಪನಿಯ ಫಲಿತಾಂಶ ಬರುವ ಹಿಂದಿನ ದಿನ ಷೇರನ್ನು ಕೈಯಲ್ಲಿಟ್ಟುಕೊಳ್ಳಬಾರದು, ಸಾಲದ ಹಣದಲ್ಲಿ ಅಂತೂ ಕೂಡದು.

ಹತ್ತು ವ್ಯವಹಾರದಲ್ಲಿ ನಾಲ್ಕೇ ಗೆದ್ದರೂ ಉಳಿಯಬಹುದು. ನಾಲ್ಕು ಗೆಲುವಿಗೆ 2,000ದಂತೆ 8,000, ಆರು ಸೋಲಿಗೆ 1,000ದಂತೆ 6,000, ಉಳಿದದ್ದು 2,000. ಆದರೆ ಪರದೆಯಲ್ಲಿ ಲಾಭದ ಹಸಿರು ಬಣ್ಣ ಕಂಡ ಕೂಡಲೇ ಕೈ ತಡೆಯದೆ 260ಕ್ಕೇ ಮಾರಿದರೆ ಗೆಲುವು ಬರೀ 4,000. ಅದೇ ಆರು ಸೋಲು ಹಾಗೇ ಇರುವುದರಿಂದ ಈಗ 2,000 ನಷ್ಟ. ಊಹೆ ಎರಡೂ ಸಲ ಹತ್ತಕ್ಕೆ ನಾಲ್ಕು ಸರಿಯಿತ್ತು, ಕೆಟ್ಟದ್ದು ಮಾರುವ ರೀತಿಯಿಂದ.

4. ಖರ್ಚು

ಬ್ರೋಕರ್ ಶುಲ್ಕ, ತೆರಿಗೆ, ಕೊಳ್ಳುವ ಮತ್ತು ಮಾರುವ ದರದ ನಡುವಿನ ಅಂತರ ಸೇರಿ ಒಮ್ಮೆ ಕೊಂಡು ಮಾರಲು ಶೇ 0.25 ಆಗುತ್ತದೆ ಎನ್ನಿ. ಇಡೀ ಬಂಡವಾಳವನ್ನು ವಾರಕ್ಕೆ ಎರಡು ಬಾರಿ ತಿರುಗಿಸಿದರೆ ವರ್ಷಕ್ಕೆ ಸುಮಾರು 100 ಸುತ್ತು. ಬಂಡವಾಳದ ಕಾಲು ಭಾಗ ಖರ್ಚಿಗೇ ಹೋಯಿತು.

ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ ಎಂಬ ಸಂಶೋಧಕರು 1991ರಿಂದ 1996ರವರೆಗೆ ಅಮೆರಿಕದ 66,465 ಕುಟುಂಬಗಳ ಖಾತೆಗಳನ್ನು ಪರಿಶೀಲಿಸಿದರು. ಅತಿ ಹೆಚ್ಚು ಕೊಂಡು ಮಾರಿದವರ ವಾರ್ಷಿಕ ಗಳಿಕೆ ಶೇ 11.4, ಆ ಅವಧಿಯಲ್ಲಿ ಮಾರುಕಟ್ಟೆ ಕೊಟ್ಟದ್ದು ಶೇ 17.9.

5. ಪುಸ್ತಕದಲ್ಲಿ ಒಂದು ಸಾಲು

ಆರ್ಡರ್ ಒತ್ತುವ ಮೊದಲು ಬರೆಯಿರಿ. ಟ್ರೇಡಿಂಗ್ ಆದರೆ: ‘100 ಷೇರು, 250ಕ್ಕೆ. ಸ್ಟಾಪ್ 240, ಗುರಿ 270. ಎಂಟು ದಿನದಲ್ಲಿ ಎರಡೂ ಆಗದಿದ್ದರೆ ಮಾರಾಟ.’ ಹೂಡಿಕೆ ಆದರೆ: ‘ಸಾಲ ಕಡಿಮೆ, ಐದು ವರ್ಷದಿಂದ ಲಾಭ ಏರುತ್ತಿದೆ ಎಂದು ಕೊಂಡೆ. ಈ ಕಾರಣ ತಪ್ಪಿದರೆ ಮಾರುತ್ತೇನೆ, ದರ ಇಳಿಯಿತೆಂದು ಮಾರುವುದಿಲ್ಲ.’ ಮೊದಲ ಸಾಲಿನ ಷೇರನ್ನು ಎರಡನೆಯ ಸಾಲಿಗೆ ದಾಟಿಸುವಂತಿಲ್ಲ. ಕಂಪನಿ ನಿಜಕ್ಕೂ ಇಷ್ಟವಾದರೆ ಮಾರಿ, ಇನ್ನೊಂದು ಖಾತೆಯಲ್ಲಿ ಹೊಸದಾಗಿ ಕಾರಣ ಬರೆದು ಕೊಳ್ಳಿ.

ನೂರು ವ್ಯವಹಾರ ಮುಗಿದ ಮೇಲೆ ಎಲ್ಲ ಖರ್ಚು ಕಳೆದು ಟ್ರೇಡಿಂಗ್ ಖಾತೆಯ ಗಳಿಕೆಯನ್ನು ಅದೇ ಅವಧಿಯ ಇಂಡೆಕ್ಸ್ ಫಂಡ್ ಗಳಿಕೆಯ ಪಕ್ಕದಲ್ಲಿಡಿ. ಹಿಂದೆ ಬಿದ್ದಿದ್ದರೆ ಉಳಿದ ಹಣವನ್ನು ಅದೇ ವಾರ ಇಟ್ಟುಕೊಳ್ಳುವ ಖಾತೆಗೆ ವರ್ಗಾಯಿಸಿ.