ತುಮಕೂರು, ಕೋಲಾರ ಕಡೆಯಿಂದ ಥೈಲ್ಯಾಂಡಿಗೆ ಇಂಗ್ಲಿಷ್ ಕಲಿಸಲು ಹೊರಡುವ ದಂಪತಿಗಳಿಗೆ

ಥೈಲ್ಯಾಂಡಿನ ಶಾಲೆಗಳು ಮೇ ತಿಂಗಳ ನಡುವಿನಲ್ಲಿ ಆರಂಭವಾಗುತ್ತವೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ತಿಪಟೂರು, ಮಧುಗಿರಿ, ಚಿಂತಾಮಣಿ, ಮಾಲೂರು ಕಡೆಯ ಬಿ.ಎಡ್. ಮುಗಿಸಿದ ಗಂಡ-ಹೆಂಡತಿಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ನಮ್ಮಲ್ಲಿ ಒಬ್ಬರಿಗೆ ಕೆಲಸ ಸಿಕ್ಕಿದೆ, ಇನ್ನೊಬ್ಬರು ಅಲ್ಲಿಗೆ ಬಂದು ಹುಡುಕಿಕೊಳ್ಳಬಹುದೇ? ತುಮಕೂರಿನವನಾಗಿ, ಇಲ್ಲಿ ಥೈಲ್ಯಾಂಡಿನಲ್ಲಿ ನೆಲೆಸಿ ಪಾಠ ಮಾಡುತ್ತಿರುವವನಾಗಿ ನಾನು ಹೇಳುವುದು ಇಷ್ಟು: ಇಬ್ಬರಿಗೂ ಕೆಲಸ ಖಚಿತವಾದ ಮೇಲೆ ಹೊರಡಿ, ಇಲ್ಲವೇ ಒಬ್ಬರ ಸಂಬಳದಲ್ಲೇ ಒಂದು ವರ್ಷ ಬದುಕುತ್ತೇವೆಂದು ಲೆಕ್ಕ ಹಾಕಿಯೇ ಹೊರಡಿ.

ಏಕೆಂದರೆ ಇಲ್ಲಿನ ಕಾನೂನು ನಿಮ್ಮನ್ನು ಒಂದು ಸಂಸಾರವೆಂದು ನೋಡುವುದಿಲ್ಲ, ಕೆಲಸ ಮಾಡುವವರು ಮತ್ತು ಅವರ ಅವಲಂಬಿತರು ಎಂದು ನೋಡುತ್ತದೆ. ಕೆಲಸಕ್ಕೆ ಬರುವವರು ನಾನ್-ಇಮಿಗ್ರೆಂಟ್ ಬಿ ವೀಸಾ ಪಡೆದು ಬರುತ್ತಾರೆ. ಅದರಲ್ಲಿ ಮೊದಲು 90 ದಿನಗಳ ವಾಸಕ್ಕೆ ಅನುಮತಿ ಸಿಗುತ್ತದೆ, ಆ ಅವಧಿಯೊಳಗೆ ಶಾಲೆಯು ವರ್ಕ್ ಪರ್ಮಿಟ್ ಮಾಡಿಸಬೇಕು, ಆಮೇಲೆ ವಾಸದ ಅನುಮತಿಯನ್ನು ವರ್ಷದ ಲೆಕ್ಕದಲ್ಲಿ ವಿಸ್ತರಿಸಿಕೊಳ್ಳಬೇಕು. ಜೊತೆಗೆ ಬರುವವರದು ಓ ವರ್ಗದ ವೀಸಾ. ಅದು ವಾಸಕ್ಕೆ ಮಾತ್ರ; ಅದರ ಬಲದಲ್ಲಿ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಪಾಠ ಹೇಳುವಂತಿಲ್ಲ. ನಮ್ಮೂರಿನಲ್ಲಿ ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿದರೆ ಯಾರೂ ಕೇಳುವುದಿಲ್ಲ, ಇಲ್ಲಿ ಅದು ಅನುಮತಿಯಿಲ್ಲದ ಕೆಲಸವೇ ಆಗುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಕೆಲಸ ಮಾಡುವವರ ನೌಕರಿ ಕೊನೆಗೊಂಡರೆ ಅದರ ಆಧಾರದ ಮೇಲಿನ ವಾಸದ ಅನುಮತಿ ಮುಗಿಯುತ್ತದೆ, ಅವಲಂಬಿತರದ್ದೂ ಅದರ ಜೊತೆಗೇ ಮುಗಿಯುತ್ತದೆ. ಆದ್ದರಿಂದ ಯಾರ ಹೆಸರಿನಲ್ಲಿ ಮೊದಲು ಹೊರಡುವುದು ಎಂಬುದನ್ನು ಗಂಡಸು-ಹೆಂಗಸು ಎಂದು ನೋಡದೆ, ಯಾರ ಕಾಗದಗಳು ಗಟ್ಟಿಯಾಗಿವೆ ಎಂದು ನೋಡಿ ತೀರ್ಮಾನಿಸಿ. ನಮ್ಮ ಕಡೆಯ ಹಲವು ಮನೆಗಳಲ್ಲಿ ಎಂ.ಎ., ಬಿ.ಎಡ್. ಎರಡನ್ನೂ ಮಾಡಿದವರು ಹೆಂಡತಿಯೇ ಆಗಿರುತ್ತಾರೆ.

ಅವಲಂಬಿತರ ವೀಸಾಕ್ಕೆ ಮದುವೆಯ ನೋಂದಣಿ ಪತ್ರ ಬೇಕೇ ಬೇಕು. ಲಗ್ನಪತ್ರಿಕೆ, ಛತ್ರದ ರಸೀದಿ, ಫೋಟೋ ಆಲ್ಬಂ ಯಾವುವೂ ಅದಕ್ಕೆ ಬದಲಿಯಾಗವು. ಮದುವೆಯಾಗದೆ ಜೊತೆಯಲ್ಲಿರುವವರಿಗೆ ಈ ದಾರಿಯೇ ಇಲ್ಲ, ಅವರಿಬ್ಬರೂ ಬೇರೆ ಬೇರೆಯಾಗಿ ಕೆಲಸದ ವೀಸಾದಲ್ಲೇ ಬರಬೇಕು. 1955ರ ಹಿಂದೂ ವಿವಾಹ ಕಾಯ್ದೆಯಡಿ ಬರುವವರು ನಿಮ್ಮ ಭಾಗದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನಗಳ ನೋಟಿಸ್ ಅವಧಿಯನ್ನು ಪ್ರಯಾಣದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಹೆಸರಿನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ನಮ್ಮವರ ಕಾಗದಗಳು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಉದ್ದ ಹೆಸರಾಗಿರುತ್ತದೆ, ಮದುವೆಯ ಪತ್ರದಲ್ಲಿ ಮೂರನೆಯ ರೂಪವಿರುತ್ತದೆ. ಊರಿನಲ್ಲಿ ಯಾರಿಗೂ ತೊಂದರೆ ಕೊಡದ ಈ ವ್ಯತ್ಯಾಸ ವಿದೇಶದ ಕಚೇರಿಯ ಮೇಜಿನ ಮೇಲೆ ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಮದುವೆ ನೋಂದಾಯಿಸುವಾಗಲೇ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಅಕ್ಷರಶಃ ಬರೆಸಿ. ಉಳಿದ ವ್ಯತ್ಯಾಸಗಳಿಗೆ, ಎಲ್ಲ ಹೆಸರುಗಳೂ ಒಬ್ಬರದೇ ಎಂದು ತಿಳಿಸುವ ಅಫಿಡವಿಟ್ಟನ್ನು ನೋಟರಿಯಿಂದ ಮಾಡಿಸಿಟ್ಟುಕೊಳ್ಳಿ.

ಪದವಿಯ ವಿಷಯದಲ್ಲಿ ತಾತ್ಕಾಲಿಕ ಪ್ರಮಾಣಪತ್ರವನ್ನು ನೆಚ್ಚಿಕೊಳ್ಳದೆ ಘಟಿಕೋತ್ಸವದ ಮೂಲ ಪತ್ರವನ್ನೇ ಪಡೆದುಕೊಳ್ಳಿ. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ, 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂದದ್ದರಿಂದ, ಅದಕ್ಕೆ ಮುಂಚೆ ಓದಿದ ನಮ್ಮ ಜಿಲ್ಲೆಗಳ ಹಿರಿಯ ಪದವೀಧರರು ತಮ್ಮ ಪತ್ರಕ್ಕಾಗಿ ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಹೋಗಬೇಕಾಗುತ್ತದೆ. ಆಮೇಲೆ ದೃಢೀಕರಣ. ಜಪಾನ್, ದಕ್ಷಿಣ ಕೊರಿಯಾದಂತಹ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಎಂಬ ದೃಢೀಕರಣದ ಮುದ್ರೆ ನಡೆಯುತ್ತದೆ. ಥೈಲ್ಯಾಂಡಿಗೆ ಯಾವ ಬಗೆಯ ದೃಢೀಕರಣ ಬೇಕೆಂಬುದನ್ನು ಶಾಲೆಯಿಂದಲೂ ದೂತಾವಾಸದಿಂದಲೂ ಬರಹದಲ್ಲಿ ಪಡೆದ ನಂತರವೇ ಹಣ ಕಟ್ಟಿ. ಪಾಸ್‌ಪೋರ್ಟ್ ಸೇವಾ ಮೂಲಕ ಸಿಗುವ ಪೊಲೀಸ್ ಕ್ಲಿಯರೆನ್ಸ್ ಪತ್ರವನ್ನು ಇಬ್ಬರೂ ಮಾಡಿಸಿ, ಈಗ ಒಬ್ಬರಿಗಷ್ಟೇ ಬೇಕಿದ್ದರೂ ಸರಿ.

ಭಾರತೀಯರಿಗೆ ಎಲ್ಲ ಬಾಗಿಲುಗಳೂ ತೆರೆದಿಲ್ಲ. ದಕ್ಷಿಣ ಕೊರಿಯಾ ತನ್ನ ಇ-2 ಬೋಧನಾ ವೀಸಾವನ್ನು ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರಿಗೆ ಮೀಸಲಿಟ್ಟಿದೆ. ಥೈಲ್ಯಾಂಡಿನಲ್ಲಿ ಅಂತಹ ಪಟ್ಟಿ ಅಡ್ಡ ಬರುವುದಿಲ್ಲ, ಆದರೆ ನಮ್ಮಂಥವರಿಂದ ಹಲವು ಶಾಲೆಗಳು ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ ಕನಿಷ್ಠ 600 ಅಂಕಗಳನ್ನು ಕೇಳುತ್ತವೆ, ಮತ್ತು ಒಂದೇ ಕೆಲಸಕ್ಕೆ ಬಿಳಿಯರಿಗಿಂತ ಕಡಿಮೆ ಸಂಬಳ ಕೊಡುವುದೂ ಉಂಟು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಇದನ್ನು ಮೀರುವ ಒಳ್ಳೆಯ ದಾರಿ ಬಿ.ಎಸ್ಸಿ., ಬಿ.ಎಡ್. ಮಾಡಿದವರಿಗಿದೆ: ಇಲ್ಲಿನ ಹಲವು ಸರ್ಕಾರಿ ಶಾಲೆಗಳ ಇಂಗ್ಲಿಷ್ ಪ್ರೋಗ್ರಾಂ ವಿಭಾಗಗಳಲ್ಲಿ ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸುತ್ತಾರೆ, ಅಲ್ಲಿ ವಿಷಯದ ಮೇಲಿನ ಹಿಡಿತವೇ ಮಾತನಾಡುತ್ತದೆ. ದಂಪತಿಗಳಲ್ಲಿ ಒಬ್ಬರು ಇಂಗ್ಲಿಷ್, ಒಬ್ಬರು ಗಣಿತ ಎಂದು ಒಂದೇ ಶಾಲೆಗೆ ಅರ್ಜಿ ಹಾಕುವುದನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ.

ಏಜೆಂಟರ ಬಗ್ಗೆ ಕಟ್ಟುನಿಟ್ಟಾಗಿರಿ. ಭಾರತೀಯರು ವೀಸಾ ಇಲ್ಲದೆ ಪ್ರವಾಸಕ್ಕೆ ಬರುವ ಅವಕಾಶ 2023ರ ನವೆಂಬರಿನಲ್ಲಿ ದೊರೆತ ಮೇಲೆ, ‘ಮೊದಲು ಬನ್ನಿ, ವೀಸಾ ಆಮೇಲೆ ಬದಲಾಯಿಸೋಣ’ ಎನ್ನುವವರು ಹೆಚ್ಚಾಗಿದ್ದಾರೆ. ಪ್ರವಾಸಿಯಾಗಿ ಬಂದವರು ಕೆಲಸ ಮಾಡುವಂತಿಲ್ಲ. ಥೈಲ್ಯಾಂಡಿನಲ್ಲಿ ಕೆಲಸವೆಂದು ನಂಬಿಸಿ ಯುವಜನರನ್ನು ಮ್ಯಾನ್ಮಾರಿನ ಮ್ಯಾವಡಿಗೆ ಸಾಗಿಸಿ, ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂಡಿಹಾಕಿದ ಜಾಲದ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ನೀಡಿತ್ತು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿ ಪರಿಶೀಲಿಸಿ, ಶಾಲೆಯ ಆಡಳಿತದವರೊಂದಿಗೆ ವೀಡಿಯೊ ಕರೆಯಲ್ಲಿ ನೇರವಾಗಿ ಮಾತನಾಡಿ, ಕೆಲಸದ ಸ್ಥಳ ಗಡಿಯ ಮೇ ಸೊತ್ ಊರಿನ ಕಡೆಯದೆಂದರೆ ಎರಡು ಪಟ್ಟು ವಿಚಾರಿಸಿ.

ಬಂದ ಮೇಲಿನ ದಿನಚರಿ ಅಷ್ಟು ಕಷ್ಟವಲ್ಲ. ಮನೆ ಹಿಡಿದ ಕೂಡಲೇ ಟಿಎಂ 30 ಎಂಬ ವಾಸದ ಮಾಹಿತಿಯನ್ನು ಮಾಲೀಕರು 24 ಗಂಟೆಯೊಳಗೆ ಸಲ್ಲಿಸಿದರೇ ಎಂದು ವಿಚಾರಿಸಿ. ದೇಶದೊಳಗೆ ಸತತ 90 ದಿನ ಉಳಿದಾಗಲೆಲ್ಲ ಇಬ್ಬರೂ ಪ್ರತ್ಯೇಕವಾಗಿ ವಲಸೆ ಕಚೇರಿಗೆ ವರದಿ ಮಾಡಬೇಕು. ಬೆಳಿಗ್ಗೆ ಎಂಟಕ್ಕೆ ಧ್ವಜ ಏರುವಾಗ ಮಕ್ಕಳೊಂದಿಗೆ ನಿಲ್ಲಿ. ನಮ್ಮಲ್ಲಿ ಆಶೀರ್ವಾದವೆಂದು ಮಗುವಿನ ತಲೆ ಸವರುತ್ತೇವೆ, ಇಲ್ಲಿ ಅದನ್ನು ಮಾಡಬೇಡಿ. ರಾಜಮನೆತನದ ಬಗ್ಗೆ ಹಗುರವಾಗಿ ಮಾತನಾಡುವುದು ಜೈಲಿಗೆ ಕಳಿಸುವ ಅಪರಾಧ. ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪಕ್ಷರವಿರುವ ‘ಜೇ’ ಎಂಬ ಸಸ್ಯಾಹಾರದ ಅಂಗಡಿಗಳನ್ನು ಗುರುತಿಟ್ಟುಕೊಳ್ಳಿ, ಬೇರೆಡೆ ಬರೀ ತರಕಾರಿಯೆಂದರೂ ಮೀನಿನ ಸಾಸ್ ಬಿದ್ದಿರುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತ ಬೆಳೆದ ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನವರು ಥಾಯ್ ಮಾತನ್ನೂ ಬೇಗ ಹಿಡಿಯುವುದನ್ನು ಕಂಡಿದ್ದೇನೆ.

ಮೊದಲ ಅವಧಿ ಮುಗಿದು ಶಾಲೆಗೆ ಅಕ್ಟೋಬರಿನಲ್ಲಿ ರಜೆ ಬರುತ್ತದೆ, ಹಲವು ವರ್ಷ ಅದು ದಸರೆಯ ಹೊತ್ತಿಗೇ ಕೂಡಿಬರುತ್ತದೆ. ಊರಿಗೆ ಟಿಕೆಟ್ ಮಾಡುವ ಮೊದಲು ಇಬ್ಬರ ಪಾಸ್‌ಪೋರ್ಟಿಗೂ ಮರುಪ್ರವೇಶದ ಅನುಮತಿ ಹಾಕಿಸಿಕೊಳ್ಳಿ. ಅದಿಲ್ಲದೆ ಗಡಿ ದಾಟಿದವರ ವಾಸದ ಅನುಮತಿ ಆ ಕ್ಷಣಕ್ಕೇ ರದ್ದಾಗುತ್ತದೆ, ಮತ್ತೆ ವೀಸಾದಿಂದಲೇ ಆರಂಭಿಸಬೇಕಾಗುತ್ತದೆ.