ಜಾಮೀನಿಲ್ಲದೆ ಮುದ್ರಣಾಲಯಕ್ಕೆ ಸಾಲ: ಯಂತ್ರದ ಜತೆ ಕಾಗದದ ಲೆಕ್ಕವೂ ಇರಲಿ

ಸರ್ಕಾರ ಖಾತರಿ ಕೊಡುವುದು ಬ್ಯಾಂಕಿಗೆ, ಸಾಲಗಾರನಿಗಲ್ಲ. ಕಂತು ತಪ್ಪಿದರೆ ಸಾಲ ನಿಮ್ಮ ತಲೆಯ ಮೇಲೇ ಇರುತ್ತದೆ. ಮನೆ, ತೋಟ ಅಡವಿಡಬೇಕಿಲ್ಲ ಎಂಬುದಷ್ಟೇ ಅನುಕೂಲ. ಯಂತ್ರದ ಮೇಲಿನ ಹಕ್ಕು ಮಾತ್ರ ಬ್ಯಾಂಕಿನದು. ಸರ್ಕಾರದ ಪರವಾಗಿ ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ಕೊಡುವ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟಿಗೆ ಅರ್ಜಿ ಹಾಕುವುದು ಬ್ಯಾಂಕೇ. ಅದರ ವಾರ್ಷಿಕ ಶುಲ್ಕ ಸಾಮಾನ್ಯವಾಗಿ ನಿಮ್ಮ ಖಾತೆಯಿಂದ ಹೋಗುತ್ತದೆ.

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವುದು. ಆಧಾರ್, ಪ್ಯಾನ್ ಇದ್ದರೆ ಆಯಿತು, ಶುಲ್ಕವಿಲ್ಲ. ಹಲವರು ಎಡವುವುದು ಉದ್ಯಮದ ಬಗೆ ಹೇಳುವ ಎನ್‌ಐಸಿ ಕೋಡ್‌ನಲ್ಲಿ. ಮುದ್ರಣದ ಕೋಡ್ 18ರಿಂದ ಶುರುವಾಗುತ್ತದೆ, ಪ್ರಕಾಶನದ್ದು 58ರಿಂದ. ಪುಸ್ತಕದ ಕೆಲಸವೆಂದು 58 ಹಾಕಿದಿರೋ, ತಯಾರಿಕಾ ಘಟಕ ಹೋಗಿ ಸೇವಾ ಘಟಕವಾಗುತ್ತದೆ. ಹೊಸ ಘಟಕಗಳಿಗೆ ಸಹಾಯಧನ ಸಹಿತ ಸಾಲ ಕೊಡಿಸುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ತಯಾರಿಕೆಗೆ 50 ಲಕ್ಷದ ಯೋಜನೆಯವರೆಗೆ ಅವಕಾಶ, ಸೇವೆಗೆ 20 ಲಕ್ಷ ಮಾತ್ರ.

ಈಗಾಗಲೇ ನಡೆಯುತ್ತಿರುವ ಪ್ರೆಸ್ಸಿಗೆ 10 ಲಕ್ಷದೊಳಗೆ ಬೇಕಿದ್ದರೆ ಸಣ್ಣ ಉದ್ಯಮಗಳಿಗಿರುವ ಮುದ್ರಾ ಸಾಲ ಸಾಕು. ಹೊಸ ಘಟಕಕ್ಕೆ ಪಿಎಂಇಜಿಪಿ ನೋಡಿ. ಉತ್ತರ ಕನ್ನಡದವರಾದರೆ ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈ ವರ್ಷದ ಗುರಿ ಉಳಿದಿದೆಯೇ ಎಂದು ಮೊದಲೇ ವಿಚಾರಿಸಿ. ಸಾಮಾನ್ಯ ವರ್ಗದವರಿಗೆ ಶಿರಸಿ ನಗರಸಭೆ ವ್ಯಾಪ್ತಿಯಲ್ಲಿ ಸಹಾಯಧನ ಶೇ 15, ಪಕ್ಕದ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಶೇ 25. ಬಾಡಿಗೆ ಕರಾರು ಮಾಡುವ ಮುಂಚೆ ಇದನ್ನು ಯೋಚಿಸಬೇಕು. ಹಳ್ಳಿಯಲ್ಲಿ 15 ಲಕ್ಷದ ಯೋಜನೆಯಾದರೆ ಕೈಯಿಂದ 1.5 ಲಕ್ಷ, ಬ್ಯಾಂಕಿನಿಂದ 13.5 ಲಕ್ಷ. ಸಹಾಯಧನದ 3.75 ಲಕ್ಷ ಕೈಗೆ ಬರುವುದಿಲ್ಲ; ಮೂರು ವರ್ಷ ಠೇವಣಿಯಲ್ಲಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ.

ಇನ್ನು ಪ್ರಾಜೆಕ್ಟ್ ರಿಪೋರ್ಟ್. ಹೆಚ್ಚಿನವರು ಆಫ್‌ಸೆಟ್ ಯಂತ್ರ, ಕಟಿಂಗ್ ಮಷಿನ್, ಬೈಂಡಿಂಗ್‌ನ ಕೊಟೇಶನ್ ಲಗತ್ತಿಸಿ ಮುಗಿಸುತ್ತಾರೆ. ಯಂತ್ರ ಬಂದ ಮೇಲೆ ಕಾಗದಕ್ಕೆ ದುಡ್ಡಿಲ್ಲ! 160 ಪುಟದ, ಡೆಮಿ 1/8 ಎಂಬ ಸಾಮಾನ್ಯ ಅಳತೆಯ ಪುಸ್ತಕದ ಲೆಕ್ಕ ನೋಡಿ: 18×23 ಇಂಚಿನ ಒಂದು ಹಾಳೆಗೆ 16 ಪುಟ, ಪ್ರತಿಗೆ 10 ಹಾಳೆ. ಸಾವಿರ ಪ್ರತಿಗೆ 10,000 ಹಾಳೆ, ಅಂದರೆ 20 ರೀಮ್, ಹಾಳಾಗುವುದಕ್ಕೆ ಇನ್ನೊಂದು. ಇದಕ್ಕೆ ಮುಂಗಡ ಹಣ ಬೇಕು, ಪ್ರಕಾಶಕರಿಂದ ಬಿಲ್ ವಸೂಲಾಗುವುದು ತಿಂಗಳುಗಳ ನಂತರ. ಆದ್ದರಿಂದ ಯಂತ್ರಕ್ಕೆ ಕಂತಿನಲ್ಲಿ ತೀರಿಸುವ ಟರ್ಮ್ ಲೋನ್ ಜತೆಗೇ ದುಡಿಮೆ ಬಂಡವಾಳವನ್ನೂ ಕೇಳಿ. ಸಣ್ಣ ಘಟಕಗಳಿಗೆ ಬೇಕಾಗುವ ದುಡಿಮೆ ಬಂಡವಾಳವನ್ನು ಅಂದಾಜು ವಹಿವಾಟಿನ ಶೇ 25 ಎಂದು ಲೆಕ್ಕ ಹಾಕಿ, ವಹಿವಾಟಿನ ಶೇ 20ರಷ್ಟನ್ನು ಬ್ಯಾಂಕ್ ಕೊಡುವ ಪದ್ಧತಿಯಿದೆ. 20 ಲಕ್ಷ ವಹಿವಾಟಿಗೆ 4 ಲಕ್ಷ. ಉಳಿದ ಶೇ 5 ನಿಮ್ಮದು.

ಆದಾಯವನ್ನು ಹನ್ನೆರಡೂ ತಿಂಗಳು ಒಂದೇ ಸಮ ತೋರಿಸಿದರೆ ಮ್ಯಾನೇಜರ್ ನಂಬಲಿಕ್ಕಿಲ್ಲ. ಮದುವೆ ಕಾರ್ಡು ಬೇಸಿಗೆಗೆ, ಪುಸ್ತಕ ಬಿಡುಗಡೆ ನವೆಂಬರ್ ಆಸುಪಾಸಿಗೆ. ಕರಾವಳಿಯ ಮಳೆಗಾಲದಲ್ಲಿ ತೇವ ಹೀರಿದ ಕಾಗದ ಹಿಗ್ಗಿ ಬಣ್ಣದ ರಿಜಿಸ್ಟರ್, ಅಂದರೆ ಒಂದರ ಮೇಲೊಂದು ಬಣ್ಣ ಸರಿಯಾಗಿ ಕೂರುವುದು, ತಪ್ಪುತ್ತದೆ. ಡಿಹ್ಯುಮಿಡಿಫೈಯರ್, ನೆಲದಿಂದ ಎತ್ತರದ ಪ್ಯಾಲೆಟ್, ಹೆಸ್ಕಾಂನ ತ್ರೀ ಫೇಸ್ ಸಂಪರ್ಕದ ಖರ್ಚನ್ನು ಯೋಜನಾ ವೆಚ್ಚದಲ್ಲೇ ಸೇರಿಸಿ. ಮೊದಲ ಕಂತಿಗೆ ಆರು ತಿಂಗಳ ಬಿಡುವು ಕೇಳಿ.

ಸೆಕೆಂಡ್ ಹ್ಯಾಂಡ್ ಯಂತ್ರವಾದರೆ ಚಾರ್ಟರ್ಡ್ ಎಂಜಿನಿಯರ್ ಮೌಲ್ಯಮಾಪನ ಕೇಳುತ್ತಾರೆ. ಸಾಲದ ಹಣ ನೇರ ಮಾರಾಟಗಾರನಿಗೆ ಹೋಗುತ್ತದೆ. ನಿಮ್ಮ ಪಾಲಿನ ಮುಂಗಡವನ್ನೂ ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ನಗದು ಕೊಟ್ಟರೆ ಅದನ್ನು ನಿಮ್ಮ ಬಂಡವಾಳವೆಂದು ತೋರಿಸುವುದು ಕಷ್ಟ.